ಕೊನೆಯ ಅಧ್ಯಾಯ ಮಾತ್ರ ಆ ಊರಿನಲ್ಲೇ: ಮಕ್ಕಳಿಗೆ ಓದಿನ ರುಚಿ ಹತ್ತಿಸಿದ ನನ್ನ ಅನುಭವ

ನಮ್ಮ ಮನೆಯಲ್ಲಿ ಈಗ ಪುಸ್ತಕ ಮೊದಲು, ಊರು ಆಮೇಲೆ. ಓದದ ಊರಿಗೆ ರಜೆಯಲ್ಲಿ ಹೋಗುವುದಿಲ್ಲ. ಹೋಗುವ ಮುಂಚೆ ಪುಸ್ತಕವನ್ನು ಪೂರ್ತಿ ಮುಗಿಸುವುದೂ ಇಲ್ಲ. ಕೊನೆಯ ಒಂದೆರಡು ಅಧ್ಯಾಯ ಉಳಿಸಿಕೊಂಡು, ಕಥೆ ನಡೆದ ಜಾಗದಲ್ಲೇ ಕೂತು ಗಟ್ಟಿಯಾಗಿ ಓದುತ್ತೇವೆ. ಇದನ್ನು ಹೇಳಿದಾಗ ನಮ್ಮ ಭಾವ ತಲೆ ಅಲ್ಲಾಡಿಸಿದ್ದರು. "ಟ್ರಿಪ್‌ಗೆ ಹೋದರೆ ಮಕ್ಕಳು ಆಟ ಆಡಬೇಕಪ್ಪ, ಅಲ್ಲೂ ಪಾಠನಾ?" ಈಗ ಅವರ ಮಗನೇ ನಮ್ಮ ಜೊತೆ ಬರುತ್ತೇನೆ ಅಂತ ಹಟ ಮಾಡುತ್ತಾನೆ.

ಇದಕ್ಕೆ ಮುಂಚೆ ಮಾಡಿದ್ದೆಲ್ಲ ದುಡ್ಡು ಹೋದ ದಾರಿ. ಒಂದು ಅಧ್ಯಾಯ ಓದಿದರೆ ಹತ್ತು ರೂಪಾಯಿ ಅಂತ ಇಟ್ಟೆವು. ಒಂದೆರಡು ತಿಂಗಳಲ್ಲಿ ಎಂಟುನೂರರ ಹತ್ತಿರ ಖರ್ಚಾಯಿತು. ಮಗ ಪುಟ ತಿರುಗಿಸಿದ್ದೇ ಜಾಸ್ತಿ. ಆಮೇಲೆ ಸಕಲೇಶಪುರದ ಕಡೆ ರೆಸಾರ್ಟ್, ಎರಡು ರಾತ್ರಿಗೆ ಇಪ್ಪತ್ತು ಸಾವಿರ ದಾಟಿತು. ಚೀಲದ ತುಂಬ ಒಯ್ದ ಪುಸ್ತಕಗಳು ಚೀಲದಲ್ಲೇ ಉಳಿದವು. ಕಾರಿನಲ್ಲಿ ಓದಲಿ ಅಂತ ಕೊಟ್ಟರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಷ್ಟರಲ್ಲಿ ಇಬ್ಬರೂ ವಾಂತಿ.

ಮೊದಲು ಗೆದ್ದದ್ದು ಚಿತ್ರದುರ್ಗದಲ್ಲಿ. ನಾವಿರುವುದು ತುಮಕೂರು, ದುರ್ಗ ಎರಡೂವರೆ ಗಂಟೆಯ ದಾರಿ. ಆರಿಸಿಕೊಂಡದ್ದು ತ.ರಾ.ಸು. ಅವರ 'ದುರ್ಗಾಸ್ತಮಾನ', ಅವರು ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಆರನೇ ಕ್ಲಾಸಿನ ಮಗಳಿಗೆ ಅಷ್ಟು ದಪ್ಪ ಪುಸ್ತಕ ಆಗುತ್ತಾ ಅಂತ ಎಲ್ಲರೂ ಕೇಳಿದರು. ಅವಳ ಕೈಗೆ ಕೊಡಲೇ ಇಲ್ಲ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ನಾನು ಓದಿದೆ, ನಾನಿಲ್ಲದ ದಿನ ನನ್ನ ಹೆಂಡತಿ. ದೊಡ್ಡವರ ವಿಷಯ ಬಂದಲ್ಲಿ ದಾಟಿಸಿದೆವು. ಮೂರು ತಿಂಗಳ ಮೇಲೇ ಹಿಡಿಯಿತು. ಹೈದರಾಲಿಯ ಮುತ್ತಿಗೆ ಬಿಗಿಯಾಗುವ ಕಡೆ ಪುಸ್ತಕ ಮುಚ್ಚಿ, "ಇನ್ನು ದುರ್ಗದಲ್ಲೇ" ಅಂದೆ. ಮಗಳು ಎರಡು ದಿನ ಮಾತು ಬಿಟ್ಟಳು. ಕೆಲಸ ಆಗುತ್ತಿದೆ ಅಂತ ಗೊತ್ತಾದದ್ದು ಅವತ್ತು!

ಕೋಟೆಗೆ ಬೆಳಿಗ್ಗೆ ಬೇಗ ಹೋಗಿ. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಓದು ಸಾಗುವುದಿಲ್ಲ. ಏಳು ಸುತ್ತಿನ ಕೋಟೆ ಅಂತ ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಅದು ಬರೀ ಲೆಕ್ಕ. ಬಾಗಿಲು ದಾಟಿದ ಕೂಡಲೇ ದಾರಿ ಸರಕ್ಕನೆ ತಿರುಗುವುದನ್ನು ಕಂಡು ಮಗ, "ಅಪ್ಪಾ, ಆನೆ ಓಡಿ ಬಂದು ಗುದ್ದೋಕೆ ಜಾಗಾನೇ ಇಲ್ಲ" ಅಂದ. ಅವನಿಗಾಗ ಮೂರನೇ ಕ್ಲಾಸು. ಮದ್ದು ಬೀಸುವ ಕಲ್ಲುಗಳ ಹತ್ತಿರ ಅರ್ಧ ಗಂಟೆ ನಿಂತಿದ್ದ. ಒನಕೆ ಓಬವ್ವನ ಕಿಂಡಿಯಲ್ಲಿ ಸಾಲು ಹಚ್ಚಿ ತೂರಿ ಬಂದೆವು. ಒಬ್ಬೊಬ್ಬರೇ ಬಗ್ಗಿ ಬರಬೇಕು ಅನ್ನುವುದು ಮೈಗೇ ತಿಳಿಯಿತು. ಮೇಲಿನ ಗೋಪಾಲಸ್ವಾಮಿ ಹೊಂಡದ ನೀರು ಉಕ್ಕಿದರೆ ಕೆಳಗಿನ ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಅದನ್ನು ನೋಡಿದ ಮೇಲೆ, ಮುತ್ತಿಗೆಯ ದಿನಗಳಲ್ಲಿ ಇಷ್ಟು ಜನ ಏನು ಕುಡಿದರು ಅನ್ನುವ ಮಗಳ ಪ್ರಶ್ನೆಗೆ ನಾನು ಉತ್ತರ ಹೇಳಬೇಕಾಗಲಿಲ್ಲ.

ಹೊಂಡದ ಹತ್ತಿರ ನೆರಳಲ್ಲಿ ಕೂತು ಕೊನೆಯ ಭಾಗ ಓದಿದೆವು. 1779ರಲ್ಲಿ ಕೋಟೆ ಬಿತ್ತು ಅನ್ನುವುದು ಮಗಳಿಗೆ ಮೊದಲೇ ಗೊತ್ತಿತ್ತು, ಆದರೂ ಅತ್ತಳು. ಕೊನೆಯ ಪುಟಗಳನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಓದಿದಳು. ಊರಿಗೆ ಬಂದು, ನಾವು ದಾಟಿಸಿದ ಭಾಗ ಯಾವುದು ಅಂತ ಹುಡುಕಿ ಓದಿದ್ದೂ ಗೊತ್ತು. ನಾನೇನೂ ಅನ್ನಲಿಲ್ಲ. ಸಾಧಾರಣ ಲಾಡ್ಜು, ಪೆಟ್ರೋಲು, ಊಟ ಸೇರಿ ಆರೇಳು ಸಾವಿರ ಆಗಿರಬೇಕು.

ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಅದಕ್ಕೆ ನನ್ನದೇ ಒಂದು ಲೆಕ್ಕವಿದೆ, ಬಿಡಿಸಿ ಹೇಳುವುದಿಲ್ಲ. ಒಂದಷ್ಟು ಹೇಳಬಹುದು: ರೋಚಕ ಘಟ್ಟಕ್ಕಿಂತ ಸ್ವಲ್ಪ ಹಿಂದೆಯೇ ನಿಲ್ಲಿಸಿ.

ಘಾಟಿಯ ವಾಂತಿಗೆ ದಾರಿ ತೋರಿಸಿದ್ದು ನಮ್ಮಮ್ಮ. ಕುಪ್ಪಳಿಗೆ ಹೊರಡುವ ಮುಂಚೆ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಪುಸ್ತಕದಿಂದ ನಾಲ್ಕೈದು ಬರಹ ಅವಳ ದನಿಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಸುಮಾರು ಒಂದೂವರೆ ಗಂಟೆ. ಅಮ್ಮ ನಡುನಡುವೆ ನಿಲ್ಲಿಸಿ, "ಹೀಗಂದ್ರೆ ಏನು ಗೊತ್ತಾ ಮಗಾ" ಅಂತ ತಾನೇ ವಿವರಿಸುತ್ತಾಳೆ. ದುಡ್ಡು ಕೊಟ್ಟು ತರಿಸಿದ ಆಡಿಯೋ ಪುಸ್ತಕ ಐದು ನಿಮಿಷಕ್ಕೆ ನಿಂತಿತ್ತು, ಇದು ತೀರ್ಥಹಳ್ಳಿ ತನಕ ಓಡಿತು. ಕವಿಮನೆ ನೋಡಿಕೊಂಡು, ಕವಿಶೈಲದ ಬಂಡೆ ಮೇಲೆ ಕೂತು ಉಳಿದ ಒಂದು ಬರಹವನ್ನು ಮಗ ಓದಿದ. ತಡವರಿಸುತ್ತಲೇ ಓದಿದ, ಯಾರೂ ತಿದ್ದಲಿಲ್ಲ. ತಿದ್ದಬೇಡಿ.

ಪ್ರವಾಸದ ಡೈರಿ ಬರೆಸುವ ಪ್ರಯೋಗವೂ ನಡೆಯಿತು. ಎರಡನೇ ದಿನಕ್ಕೇ ನಿಂತಿತು, ಕೈಬಿಟ್ಟೆವು. ರೈಲು ಮಾತ್ರ ಎಲ್ಲಕ್ಕಿಂತ ವಾಸಿ. ಕಣ್ಣಿಗೆ ಸುಸ್ತಿಲ್ಲ, ಹೊಟ್ಟೆ ತೊಳಸುವುದಿಲ್ಲ, ಎದುರು ಸೀಟಿನವರೂ ಕಿವಿಗೊಡುತ್ತಾರೆ. ಪ್ರಯಾಣಕ್ಕೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯ ಪ್ರತಿ ಸಾಕು, ಮಡಚಿದರೂ ಒದ್ದೆಯಾದರೂ ಚಿಂತೆಯಿಲ್ಲ.

ಈ ಬೇಸಿಗೆಗೆ ಧಾರವಾಡ, ಬೇಂದ್ರೆಯವರ ಸಾಧನಕೇರಿ. ಕವಿತೆಯಲ್ಲಿ ಉಳಿಸಿಕೊಳ್ಳಲು ಕೊನೆಯ ಅಧ್ಯಾಯ ಇರುವುದಿಲ್ಲವಲ್ಲ ಅಂತ ಹೆಂಡತಿ ಕೇಳಿದಳು. ಹಾಗಾಗಿ ನಾಲ್ಕು ಪದ್ಯ ಆರಿಸಿ, ಒಂದೊಂದರಲ್ಲೂ ಕೊನೆಯ ನುಡಿ ಬಿಟ್ಟು ಬಾಯಿಪಾಠ ಮಾಡಿಸುತ್ತಿದ್ದೇವೆ. ಉಳಿದ ನುಡಿಗಳನ್ನು ಒಂದು ಚೀಟಿಯಲ್ಲಿ ಬರೆದು ಅಮ್ಮನ ಹತ್ತಿರ ಕೊಟ್ಟಿದ್ದೇನೆ. ಮಗಳು ದಿನಾ ಕೇಳುತ್ತಾಳೆ, ಅಮ್ಮ ಕೊಡುತ್ತಿಲ್ಲ.