ಸದಸ್ಯರ ಪಟ್ಟಿ, ರೋಗದ ಪಟ್ಟಿ, ನಡುವೆ ಒಂದು ನಕ್ಷತ್ರ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ಬೆಳೆಗಾರರ ಗುಂಪಿನ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. 2025ರ ಮಳೆಗಾಲದಲ್ಲಿ ನನ್ನ ಮುಂದೆ ಎರಡು ಎಕ್ಸೆಲ್ ಪಟ್ಟಿಗಳಿದ್ದವು. ಒಂದು ಸದಸ್ಯರದು: ಹೆಸರು, ಊರು, ಸರ್ವೆ ನಂಬರ್, ಫೋನ್. ಇನ್ನೊಂದು ಎಲೆಚುಕ್ಕೆ ರೋಗ ಕಂಡ ತೋಟಗಳದು. ನಮ್ಮ ಹುಡುಗರು ತೋಟ ತೋಟ ತಿರುಗಿ ಬರೆದುಕೊಂಡು ಬಂದದ್ದು. ಅದರಲ್ಲಿ ಹೆಸರಿಲ್ಲ, ಸದಸ್ಯತ್ವದ ಸಂಖ್ಯೆಯಿಲ್ಲ. ಊರು, ಸರ್ವೆ ನಂಬರ್, ನೋಡಿದ ದಿನ, ಅಷ್ಟೇ. ಎರಡನ್ನೂ ನೇರವಾಗಿ ಬೆಸೆಯುವ ಒಂದೇ ಗುರುತಿನ ಕಾಲಂ ಇಲ್ಲ. ಆದರೆ ರೋಗ ಬಂದ ತೋಟದವರನ್ನು ಮಾತ್ರ ಸದಸ್ಯರ ಪಟ್ಟಿಯಿಂದ ಸೋಸಿ ತೆಗೆದು ಅವರಿಗೆ ಬೇಗ ಫೋನ್ ಮಾಡಬೇಕಿತ್ತು. ಮಳೆಹನಿಯ ಜೊತೆ ಸೋಗೆಯಿಂದ ಸೋಗೆಗೆ ದಾಟುವ ಶಿಲೀಂಧ್ರ ನಮ್ಮ ಲೆಕ್ಕ ಮುಗಿಯಲಿ ಎಂದು ಕಾಯುವುದಿಲ್ಲ.

ಮೊದಲು ಪಟ್ಟಿಗಳನ್ನು ಬೆಸೆಯುವ ಎಕ್ಸೆಲ್‌ನ ಸಾಧನವಾದ ಪವರ್ ಕ್ವೆರಿಯಲ್ಲಿ ಎರಡನ್ನೂ ಜೋಡಿಸಿದೆ. ಹುಡುಗರು ಒಂದೇ ತೋಟಕ್ಕೆ ಎರಡು ಸಲ ಹೋಗಿದ್ದರೆ ಆ ಸದಸ್ಯರೂ ಎರಡು ಸಾಲಾಗಿ ಬಂದರು. ಆಮೇಲೆ ಹೊಳೆಯಿತು: ನನಗೆ ಜೋಡಣೆಯೇ ಬೇಕಿಲ್ಲ. ಪ್ರತಿ ಸದಸ್ಯರ ಸಾಲಿಗೂ ‘ನೀನು ಅಲ್ಲಿದ್ದೀಯಾ?’ ಎಂದು ಕೇಳಿದರೆ ಸಾಕು. ಪಕ್ಕದಲ್ಲಿ ಒಂದು ಹೊಸ ಕಾಲಂ, ಅದರಲ್ಲಿ ಇನ್ನೊಂದು ಪಟ್ಟಿಯಲ್ಲಿ ಹುಡುಕಿ ಎಷ್ಟನೆಯ ಸಾಲು ಎಂದು ಹೇಳುವ ಮ್ಯಾಚ್ ಸೂತ್ರ, ಕೊನೆಯಲ್ಲಿ ‘ತದ್ವತ್ ಹೊಂದಬೇಕು’ ಎನ್ನುವ ಸೊನ್ನೆ, ಇಡೀ ಸೂತ್ರಕ್ಕೆ ಹೊದಿಕೆಯಾಗಿ, ಸಾಲು ಸಿಕ್ಕಿತೋ ಇಲ್ಲವೋ ಎಂದಷ್ಟೇ ಹೇಳುವ ಈಸ್‌ನಂಬರ್. ‘ಹೌದು’ (TRUE) ಬಂದ ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿದರೆ ಒಬ್ಬರು ಒಂದೇ ಸಲ ಬರುತ್ತಾರೆ.

ಸರ್ವೆ ನಂಬರ್ ಒಂದನ್ನೇ ನಂಬುವಂತಿಲ್ಲ, 45 ಎಲ್ಲ ಊರಿನಲ್ಲೂ ಇರುತ್ತದೆ. ಊರಿನ ಹೆಸರನ್ನೂ ಸರ್ವೆ ನಂಬರನ್ನೂ ನಡುವೆ ಒಂದು ಗೆರೆ ಹಾಕಿ ಅಂಟಿಸಿ, ಎರಡೂ ಪಟ್ಟಿಯಲ್ಲಿ ಅದನ್ನೇ ಕೀಲಿಯಾಗಿಟ್ಟೆ. ನಮ್ಮ ಹಳೆಯ ಪಟ್ಟಿಯಲ್ಲಿ ಊರುಗಳು ಯೂನಿಕೋಡ್ ಅಲ್ಲದ ಅಕ್ಷರದಲ್ಲಿದ್ದವು; ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಅವನ್ನು ಪರಿವರ್ತಿಸಿ, ಹಿಂದುಮುಂದಿನ ಖಾಲಿ ಜಾಗವನ್ನು ಟ್ರಿಮ್‌ನಿಂದ ತೆಗೆದೆ.

ಹುಡುಗರು 12/3 ಎಂದು ಟೈಪ್ ಮಾಡಿದ್ದ ಸರ್ವೆ ನಂಬರ್ ಎಕ್ಸೆಲ್‌ನಲ್ಲಿ ಮಾರ್ಚ್ 12 ಆಗಿ ಕುಳಿತಿತ್ತು. ಅದನ್ನು ಪಠ್ಯವಾಗಿ ಬದಲಿಸಿದರೆ 45728 ಎಂದು ಬರುತ್ತದೆ. ದಿನಾಂಕದ ಒಳಗಿನ ಸಂಖ್ಯೆ ಅದು. ಕಾಲಂ ಅನ್ನು ಮೊದಲೇ ಪಠ್ಯ ಎಂದು ಗುರುತಿಸಿ, ಕಾಗದ ಮುಂದಿಟ್ಟುಕೊಂಡು, ಪಹಣಿಯಲ್ಲಿರುವಂತೆ 12/*/3 ಎಂದು ಮತ್ತೆ ಬರೆದೆ. ಬೇರೆ ದಾರಿ ಹುಡುಕಬೇಡಿ, ಇದೇ ಬೇಗ ಮುಗಿಯುತ್ತದೆ.

ಎಲ್ಲ ಸರಿಹೋಯಿತು ಎಂದುಕೊಂಡು ಫೋನ್ ಮಾಡತೊಡಗಿದೆ. ಹಿರಿಯರೊಬ್ಬರು, ‘ನಮ್ಮ ತೋಟದಲ್ಲಿ ಒಂದು ಚುಕ್ಕೆಯೂ ಇಲ್ಲವಲ್ಲ, ಯಾರು ಹೇಳಿದ್ದು?’ ಎಂದು ಗಾಬರಿಯಾದರು. ಅವರ ಸಾಲಿನಲ್ಲಿದ್ದದ್ದು 45/*/*. ಅಣ್ಣತಮ್ಮಂದಿರ ನಡುವೆ ಜಮೀನು ಪಾಲಾಗಿ ಪೋಡಿ ಆಗುವುದಕ್ಕೆ ಮುಂಚಿನ ಪಹಣಿಯ ನಂಬರ್ ಅದು. ರೋಗದ ಪಟ್ಟಿಯಲ್ಲಿದ್ದದ್ದು ತಮ್ಮನ ಪಾಲಿನ 45/*/3. ಮ್ಯಾಚ್‌ನಲ್ಲಿ ಸೊನ್ನೆ ಕೊಟ್ಟರೂ, ಹುಡುಕುವ ಪಠ್ಯದಲ್ಲಿ ನಕ್ಷತ್ರವಿದ್ದರೆ ಎಕ್ಸೆಲ್ ಅದನ್ನು ‘ಇಲ್ಲಿ ಏನಿದ್ದರೂ ಸರಿ’ ಎಂದು ಓದುತ್ತದೆ. ಪಹಣಿಯಲ್ಲಿ ನಕ್ಷತ್ರವೆಂದರೆ ಅಲ್ಲಿ ಏನೂ ಇಲ್ಲ ಎಂದು. ಆ ಸಂಜೆ ನಾನು ಹಾಳೆ ಮುಚ್ಚಿ, ಅದುವರೆಗೆ ಮಾತನಾಡಿದ್ದ ಪ್ರತಿಯೊಬ್ಬರ ನಂಬರನ್ನೂ ಕಾಗದದ ಜೊತೆ ಕೈಯಾರೆ ತಾಳೆ ನೋಡಿದೆ. ರೋಗವಿಲ್ಲದ ಮನೆಯವರನ್ನು ಸುಮ್ಮನೆ ಹೆದರಿಸುವುದು ಸಣ್ಣ ತಪ್ಪಲ್ಲ.

ಪರಿಹಾರ ಸುಲಭವಿತ್ತು. ಸಬ್‌ಸ್ಟಿಟ್ಯೂಟ್ ಸೂತ್ರದಿಂದ ಹುಡುಕುವ ಕೀಲಿಯ ಪ್ರತಿ ನಕ್ಷತ್ರದ ಮುಂದೆ ಟಿಲ್ಡ್ ಎಂಬ ಅಲೆಗೆರೆ ಸೇರಿಸಬೇಕು: ~*. ಆಗ ನಕ್ಷತ್ರ ನಕ್ಷತ್ರವಾಗಿಯೇ ಉಳಿಯುತ್ತದೆ. ಹುಡುಕಿಸಿಕೊಳ್ಳುವ ಪಟ್ಟಿಯನ್ನು ಮುಟ್ಟಬಾರದು. 2021ರ ಆವೃತ್ತಿಯಿಂದ ಬಂದ ಎಕ್ಸ್‌ಮ್ಯಾಚ್‌ನಲ್ಲಿ ನಾವಾಗಿ ಕೇಳದ ಹೊರತು ಈ ತೊಡಕಿಲ್ಲ, ನಮ್ಮಲ್ಲಿರುವುದು 2016ರದು.

ಆಮೇಲೆ ಅದೇ ಸೂತ್ರವನ್ನು ತಿರುಗಿಸಿ, ರೋಗದ ಪಟ್ಟಿಯ ಪ್ರತಿ ತೋಟವನ್ನೂ ಸದಸ್ಯರ ಪಟ್ಟಿಯಲ್ಲಿ ಹುಡುಕಿದೆ. ಇದನ್ನು ಯಾರೂ ಬಿಡಬಾರದು. ರೋಗವಿದ್ದೂ ನಮ್ಮ ಲೆಕ್ಕಕ್ಕೆ ಸಿಗದ ತೋಟಗಳು ಆಗಲೇ ಕಂಡದ್ದು. ತಮ್ಮನ 45/*/3 ಅವುಗಳಲ್ಲಿ ಮೊದಲನೆಯದು. ಅಣ್ಣನಿಂದಲೇ ಫೋನ್ ನಂಬರ್ ಕೇಳಿ ಪಡೆದೆ. ಅಣ್ಣ ಮರುವಾರ ಹೊಸ ಪಹಣಿ ತಂದುಕೊಟ್ಟರು. ಅವರ ಸಾಲನ್ನು 45/*/1 ಎಂದು ತಿದ್ದಿ, ಕೆಳಗೆ ತಮ್ಮನಿಗೆ ಹೊಸ ಸಾಲು ಬರೆದೆ. ಮಳೆ ಎರಡು ದಿನ ಹೊಳವಾದಾಗ ಮೊದಲು ಔಷಧಿ ಹೊಡೆದದ್ದು ತಮ್ಮನ ಆ ತೋಟಕ್ಕೆ.