ಸಾಕುಬೆಕ್ಕು ಕಚ್ಚದಂತೆ ನೋಡಿಕೊಳ್ಳುವುದು, ಕಚ್ಚಿದರೆ ಮಾಡಬೇಕಾದದ್ದು

ಮಡಿಲಲ್ಲಿ ಮಲಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚಿತೆಂದು ಹೇಳುವವರು ಬಹಳ ಮಂದಿ. ಆದರೆ ಕಚ್ಚುವ ಮುನ್ನ ಅದರ ಮೈ ಸೂಚನೆ ಕೊಟ್ಟೇ ಇರುತ್ತದೆ. ಮೊದಲು ಬಾಲದ ತುದಿಯಷ್ಟೇ ಅತ್ತಿತ್ತ ಆಡತೊಡಗುತ್ತದೆ. ಆಮೇಲೆ ಬೆನ್ನಿನ ಚರ್ಮ ಅದುರುತ್ತದೆ, ಕಿವಿಗಳು ಪಕ್ಕಕ್ಕೆ ವಾಲಿ ಹಿಂದಕ್ಕೆ ಮಡಚಿಕೊಳ್ಳುತ್ತವೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ತಲೆ ಥಟ್ಟನೆ ನಿಮ್ಮ ಕೈಯತ್ತ ತಿರುಗುತ್ತದೆ. ಬಾಲದ ತುದಿ ಆಡಿದಾಗಲೇ ಕೈ ತೆಗೆಯಬೇಕು. ಕೆನ್ನೆ, ಗಲ್ಲ, ಕಿವಿಯ ಬುಡ ಸವರಿದರೆ ಹೆಚ್ಚಿನ ಬೆಕ್ಕುಗಳಿಗೆ ಹಿತವಾಗುತ್ತದೆ. ಅಂಗಾತ ಮಲಗಿ ಹೊಟ್ಟೆ ತೋರಿಸಿದರೂ ಅದನ್ನು ಮುಟ್ಟಬಾರದು.

ಮರಿಯೊಂದಿಗೆ ಬೆರಳಾಡಿಸಿ ಆಡುವ ಅಭ್ಯಾಸವನ್ನು ಮನೆಯವರೆಲ್ಲರೂ ಬಿಡಬೇಕು, ಏಕೆಂದರೆ ಕೈಯನ್ನೇ ಬೇಟೆಯೆಂದು ಕಲಿತ ಮರಿ ದೊಡ್ಡದಾದ ಮೇಲೂ ಹಾಗೆಯೇ ಹಿಡಿಯುತ್ತದೆ. ಕೋಲಿಗೆ ಕಟ್ಟಿದ ದಾರವೋ ಬಟ್ಟೆಯ ಚೂರೋ ಸಾಕು. ಮಳೆಗಾಲದಲ್ಲಿ ಹೊರಗೆ ತಿರುಗಲಾಗದೆ ಒಳಗೇ ಉಳಿದ ಬೆಕ್ಕಿಗೆ ಇಂತಹ ಆಟವನ್ನು ದಿನಕ್ಕೆರಡು ಬಾರಿಯಾದರೂ ಆಡಿಸಬೇಕು.

ನಮ್ಮ ಮಂಗಳೂರು, ಉಡುಪಿ ಕಡೆ ಇನ್ನೊಂದು ಸಂದರ್ಭವನ್ನು ವಿಶೇಷವಾಗಿ ಗಮನಿಸಬೇಕು. ಹಿತ್ತಲಿನಲ್ಲಿ ಮೆಟ್ಟುಕತ್ತಿಯ ಮುಂದೆ ಬಂಗುಡೆ ಕೊಯ್ಯುವ ಹೊತ್ತಿಗೆ ಬೀದಿಯ ಗಂಡುಬೆಕ್ಕು ಕಾಂಪೌಂಡಿನ ಮೇಲೆ ಬಂದು ಕೂತರೆ, ಅದನ್ನು ಕಂಡು ಕೆರಳಿದ ನಿಮ್ಮ ಬೆಕ್ಕು ಎತ್ತಿಕೊಳ್ಳಲು ಹೋದವರನ್ನೇ ಕಚ್ಚಬಹುದು. ಆಗ ಮುಟ್ಟದೆ ಬಾಗಿಲು ಹಾಕಿ, ಅದು ಶಾಂತವಾಗುವವರೆಗೆ ಒಂಟಿಯಾಗಿ ಬಿಡುವುದೇ ಸರಿ. ಸಾಧುವಾಗಿದ್ದ ಬೆಕ್ಕು ಹೊಸದಾಗಿ ಕಚ್ಚತೊಡಗಿದರೆ ಹಲ್ಲು, ಕಿವಿ ಅಥವಾ ಕೀಲಿನ ನೋವಿರಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸಬೇಕು. ಹೊಡೆಯುವುದರಿಂದ ಭಯ ಹೆಚ್ಚಿ ಕಚ್ಚುವಿಕೆಯೂ ಹೆಚ್ಚುತ್ತದೆ.

ಕಚ್ಚಿ ಹಿಡಿದಾಗ ಕೈಯನ್ನು ಎಳೆದುಕೊಂಡರೆ ಗಾಯ ಹರಿಯುತ್ತದೆ; ಅಲುಗಾಡಿಸದೆ ಇಟ್ಟರೆ ಸಾಮಾನ್ಯವಾಗಿ ಬಿಡುತ್ತದೆ. ಬೆಕ್ಕಿನ ಹಲ್ಲು ಸೂಜಿಯಂತೆ ಸಣ್ಣದಾಗಿ ಆಳಕ್ಕಿಳಿಯುವುದರಿಂದ, ಮೇಲೆ ಚುಕ್ಕೆಯಷ್ಟೇ ಕಂಡರೂ ಬಾಯಿಯ ಬ್ಯಾಕ್ಟೀರಿಯಾ ಒಳಗೆ ಸೇರಿರುತ್ತದೆ. ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ವೈದ್ಯರ ಬಳಿ ಹೋಗಿ. ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಅಜ್ಜರಕಾಡಿನಲ್ಲಿರುವ ಜಿಲ್ಲಾ ಆಸ್ಪತ್ರೆಗೂ ಹೋಗಬಹುದು. ಬೆರಳಿನ ಗಂಟಿನ ಬಳಿ ಕಚ್ಚಿದ್ದರೆ, ಅಥವಾ ಮರುದಿನದೊಳಗೆ ಊತ, ಕೆಂಪು, ಮಿಡಿಯುವ ನೋವು ಕಾಣಿಸಿಕೊಂಡರೆ ತಡಮಾಡುವಂತೆಯೇ ಇಲ್ಲ.

ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ. ಆದ್ದರಿಂದ ಬೆಕ್ಕಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಮರುಲಸಿಕೆ ಕೊಡಿಸಿ. ಕಚ್ಚಿದ ಬೆಕ್ಕನ್ನು 10 ದಿನ ಕಣ್ಣಳತೆಯಲ್ಲಿಟ್ಟು ನೋಡಬೇಕಾದರೂ, ಅಷ್ಟು ದಿನ ಕಾಯೋಣವೆಂದು ನಿಮ್ಮ ಚುಚ್ಚುಮದ್ದನ್ನು ಮುಂದೂಡಬೇಡಿ.