ಮೇಷ್ಟ್ರ ತರಗತಿಯನ್ನು ಹುಡುಕುತ್ತಾ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಪಾಠ ಮಾಡಿದ ನಮ್ಮ ಮೇಷ್ಟ್ರು ನಿವೃತ್ತರಾದಾಗ, ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅಭಿನಂದನ ಗ್ರಂಥ ತರೋಣ ಅಂದುಕೊಂಡೆವು. ಅವರ ಅಧ್ಯಾಪನದ ಬಗ್ಗೆ ಬರೆಯುವ ಭಾಗ ನನ್ನ ಪಾಲಿಗೆ ಬಂತು. ನಾನೂ ಮಂಡ್ಯದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. ರಜೆ ಇದ್ದಾಗೆಲ್ಲ ರೈಲು ಹತ್ತಿ ಮೈಸೂರಿಗೆ ಹೋಗಿ ಈ ಕೆಲಸ ಮಾಡಿದೆ.

ಪುಸ್ತಕ, ಪ್ರಶಸ್ತಿ, ಸಮಿತಿಗಳ ಪಟ್ಟಿ ಬಯೋಡೇಟಾದಲ್ಲೇ ಇರುತ್ತದೆ. ಅದಕ್ಕೆ ಒಂದು ಸಂಜೆ ಸಾಕು. ನನಗೆ ಬೇಕಿದ್ದದ್ದು ಅವರ ತರಗತಿ. ಮೇಷ್ಟ್ರು ಬರೆದದ್ದಕ್ಕಿಂತ ಹೇಳಿಕೊಟ್ಟದ್ದೇ ಜಾಸ್ತಿ. ಅದು ಯಾವ ಪಟ್ಟಿಗೂ ಬರುವುದಿಲ್ಲ, ಅಲ್ವಾ?

ಮೊದಲು ಅವರ ಮಾರ್ಗದರ್ಶನದಲ್ಲಿ ಬಂದ ಪಿಎಚ್.ಡಿ. ಪ್ರಬಂಧಗಳನ್ನು ಹಿಡಿದೆ. ಈಚಿನವು ಕೆಲವು, ಇಂಥ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ಸಿಕ್ಕವು. ಹಳೆಯವಕ್ಕೆ ವಿಶ್ವವಿದ್ಯಾನಿಲಯದ ಗ್ರಂಥಾಲಯವೇ ಗತಿ. ನಾನು ಮೊದಲು ಓದಿದ್ದು ಕೃತಜ್ಞತೆಯ ಪುಟವನ್ನು. 'ಪೂಜ್ಯ ಗುರುಗಳಿಗೆ ನಮನಗಳು' ಅನ್ನುವ ಸಾಲನ್ನು ಎಲ್ಲರೂ ಬರೆಯುತ್ತಾರೆ. ಅದರ ಪಕ್ಕದಲ್ಲಿ ಒಬ್ಬರು, ತಮ್ಮ ಮೂರನೇ ಅಧ್ಯಾಯವನ್ನು ಮೇಷ್ಟ್ರು ಪೂರ್ತಿ ತಿರಸ್ಕರಿಸಿ, ಮತ್ತೆ ಕ್ಷೇತ್ರಕಾರ್ಯಕ್ಕೆ ಕಳಿಸಿದ್ದನ್ನು ಬರೆದಿದ್ದರು. ನನಗೆ ಬೇಕಾದದ್ದು ಅಂಥದ್ದೇ. ಬರೆದವರನ್ನು ಹುಡುಕಿ ಮಾತಾಡಿಸಿದೆ.

ಮಾತಾಡಿಸುವಾಗ 'ಮೇಷ್ಟ್ರು ಹೇಗಿದ್ದರು?' ಅಂತ ಕೇಳಲೇಬಾರದು. ಹಾಗೆ ಕೇಳಿದರೆ ಬರುವುದು ಬರೀ ಹೊಗಳಿಕೆ. 'ನಿಮ್ಮ ಬರಹದ ಅಂಚಿನಲ್ಲಿ ಏನು ಬರೆಯುತ್ತಿದ್ದರು? ಪಂಪನ ಯಾವ ಪದ್ಯದ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿದ್ದರು? ಗೊತ್ತಿಲ್ಲದ ಪ್ರಶ್ನೆ ಬಂದಾಗ ಏನು ಮಾಡುತ್ತಿದ್ದರು?' ಅಂತ ಕೇಳಿ. ಕೊನೆಯ ಪ್ರಶ್ನೆಗೆ ಬೇರೆ ಬೇರೆ ಕಾಲದ ವಿದ್ಯಾರ್ಥಿಗಳಿಂದ ಒಂದೇ ಉತ್ತರ ಬಂತು: 'ನಾಳೆ ನೋಡಿಕೊಂಡು ಬರ್ತೀನಿ' ಅಂತಿದ್ದರು, ಮರುದಿನ ಪುಸ್ತಕ ಹಿಡಿದೇ ಬರುತ್ತಿದ್ದರು. ಇಡೀ ಬರಹಕ್ಕೆ ಅದೇ ನನ್ನ ಆಧಾರವಾಯಿತು. ಒಬ್ಬರು ಹಳೆಯ ನೋಟ್ಸ್ ಪುಸ್ತಕವನ್ನೇ ತಂದುಕೊಟ್ಟರು. ಅದರಲ್ಲಿ ಮೇಷ್ಟ್ರು ಹಳಗನ್ನಡದ ಒಂದೊಂದು ಪದ್ಯಕ್ಕೂ ಪಾಠಾಂತರ, ಅಂದರೆ ಬೇರೆ ಬೇರೆ ಪ್ರತಿಗಳಲ್ಲಿ ಪದಗಳು ಬದಲಾಗಿರುವುದನ್ನು, ಗುರುತು ಹಾಕಿಸಿದ್ದಾರೆ. ಅಚ್ಚಾದ ಅವರ ಯಾವ ಲೇಖನದಲ್ಲೂ ಅಷ್ಟು ವಿವರ ಇಲ್ಲ.

ತರಗತಿಯ ಪಾಠ ಹೀಗೆ ಉಳಿಯುವುದು ಮೈಸೂರಿಗೆ ಹೊಸದೇನಲ್ಲ. ಎಂ. ಹಿರಿಯಣ್ಣನವರು ಭಾರತೀಯ ತತ್ತ್ವಶಾಸ್ತ್ರದ ಬಗ್ಗೆ ಇಂಗ್ಲಿಷಿನಲ್ಲಿ ಬರೆದು 1932ರಲ್ಲಿ ಪ್ರಕಟವಾದ ಪುಸ್ತಕಕ್ಕೆ ಮೂಲ, ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ಮಾಡಿದ ಪಾಠಗಳು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಅನ್ನು ಅರ್ಪಿಸಿದ್ದು ತಮ್ಮ ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡಿದ್ದರು. ಅವರು ಬರೆದ ಪುಸ್ತಕಗಳು ಕಡಿಮೆ. ಆದರೂ ಅವರನ್ನು ಬಿಟ್ಟು ಹೊಸಗನ್ನಡದ ಕಥೆ ಹೇಳಲಾಗದು. 1921ರಲ್ಲಿ, ಇಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುತ್ತಿದ್ದ ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ಮಹಾರಾಜ ಕಾಲೇಜಿನ ಹುಡುಗರು ಸಾರೋಟನ್ನು ತಾವೇ ಎಳೆದದ್ದನ್ನು ಎಲ್ಲರೂ ಹೇಳುತ್ತಾರೆ. ಆ ಹುಡುಗರ ನೋಟ್ಸ್ ಪುಸ್ತಕಗಳು ಏನಾದವು ಅನ್ನುವುದು ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ.

ಮೇಷ್ಟ್ರನ್ನು ಮಾತಾಡಿಸಿದ್ದು ಮಾತ್ರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಅವರ ಬೆಳಗಿನ ವಾಕಿಂಗ್ ಹೊತ್ತಿಗೆ. ಮನೆಯಲ್ಲಿ ಕೂತರೆ ಅವರು ನನ್ನ ಯೋಗಕ್ಷೇಮವನ್ನೇ ವಿಚಾರಿಸುತ್ತಿದ್ದರು. ನಡೆಯುವಾಗ ಪಾಠ ಶುರುವಾಗುತ್ತಿತ್ತು. ಮೊಬೈಲನ್ನು ಅವರ ಜೇಬಿನಲ್ಲೇ ಇರಿಸಿ ರೆಕಾರ್ಡ್ ಮಾಡಿದೆ. ಕೇಳಿಸಿಕೊಂಡು ಬರೆದಾದ ಮೇಲೆ ಅವರಿಗೇ ಓದಲು ಕೊಟ್ಟೆ. ತಮ್ಮ ಸಹೋದ್ಯೋಗಿಗಳ ಬಗ್ಗೆ ಆಡಿದ ಕೆಲವು ಮಾತನ್ನು ಹೊಡೆದು ಹಾಕಿದರು. ಅದು ಅವರ ಹಕ್ಕು.

ಗ್ರಂಥದಲ್ಲಿ ನನಗೆ ಸಿಕ್ಕ ಪುಟಗಳು ಕಡಿಮೆ. ಉಳಿದದ್ದನ್ನು ಬಿಸಾಡಲಿಲ್ಲ. ಪ್ರತಿ ರೆಕಾರ್ಡಿಂಗಿಗೂ ಮಾತಾಡಿದವರ ಹೆಸರು, ಓದಿದ ವರ್ಷ, ಮಾತಾಡಿದ ದಿನ ಬರೆದಿಟ್ಟೆ. ಒಪ್ಪಿಗೆ ಕೊಟ್ಟವರ ಪ್ರತಿಗಳನ್ನು ಮೇಷ್ಟ್ರ ಮನೆಗೂ ಒಬ್ಬ ಕಿರಿಯ ಸಂಶೋಧಕನಿಗೂ ಕೊಟ್ಟಿದ್ದೇನೆ. ಆ ನೋಟ್ಸ್ ಪುಸ್ತಕದ ಪಾಠಾಂತರಗಳನ್ನು ಅವನು ಈಗ ಅಚ್ಚಾದ ಆವೃತ್ತಿಗಳ ಜೊತೆ ಇಟ್ಟು ನೋಡುತ್ತಿದ್ದಾನೆ.